ಒಂಬತ್ತು ಕಿಲೋಹರ್ಟ್ಸಿನ ಗಡಿ: ಕುಂಜತ್ತೂರಿನಿಂದ ಕೇಳಿದ ಫಿಲ್ಟರಿನ ಚರಿತ್ರೆ

ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ಮಂಜೇಶ್ವರಕ್ಕೆ ಮೊದಲು ಸಿಗುವ ಊರು ಕುಂಜತ್ತೂರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ, ಉರ್ದು ಎಂಬಂತೆ ಬದುಕುವ ಸೀಮೆ ಇದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಗಡಿವಿವಾದದ ಮಹಾಜನ ಆಯೋಗದ ವರದಿ ಬಂದದ್ದು, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾದದ್ದು ಎಲ್ಲರೂ ಬಲ್ಲ ಚರಿತ್ರೆ. ತಲಪಾಡಿಯ ಗಡಿ ನೆಲದ ಮೇಲಿದೆ, ನಕಾಶೆಯಲ್ಲಿದೆ. ಕೆಲವು ವರ್ಷಗಳ ಹಿಂದಿನವರೆಗೆ ಅದನ್ನು ದಾಟಿದ ಕೂಡಲೇ ಮೊಬೈಲಿಗೆ ರೋಮಿಂಗ್ ಸಂದೇಶವೂ ಬರುತ್ತಿತ್ತು.

ಮಧ್ಯಮ ತರಂಗದ ರೇಡಿಯೋದಲ್ಲಿ ಈ ಊರಿಗೆ ಇನ್ನೊಂದು ಗಡಿ ಉಂಟು, ಅದರ ಬಗ್ಗೆ ಯಾರೂ ಬರೆದಂತಿಲ್ಲ. ಆಕಾಶವಾಣಿಯ ಹಂಚಿಕೆಯಲ್ಲಿ ಭದ್ರಾವತಿಗೆ 675 ಕಿಲೋಹರ್ಟ್ಸ್, ಕಲ್ಲಿಕೋಟೆಗೆ 684. ನಡುವಿನ ಅಂತರ ಸರಿಯಾಗಿ 9 ಕಿಲೋಹರ್ಟ್ಸ್, ಅಂದರೆ ಒಂದು ಚಾನೆಲಿನಷ್ಟು ಮಾತ್ರ. ಕನ್ನಡಕ್ಕೂ ಮಲಯಾಳಕ್ಕೂ ನಡುವೆ ಬೇಲಿಯಿಲ್ಲ, ಖಾಲಿ ಜಾಗವೂ ಇಲ್ಲ. ಹಳೆಯ ಡಯಲ್ಲಿನಲ್ಲಿ ಮೀಟರಿನ ಲೆಕ್ಕ ನೋಡಿದರೆ ಒಂದು 444, ಇನ್ನೊಂದು 438. ಮುಳ್ಳು ಕೂದಲೆಳೆಯಷ್ಟು ಸರಿದರೆ ಭಾಷೆ ಬದಲು. ಕುಂಜತ್ತೂರಿನಿಂದ ನೇರ ಗೆರೆ ಎಳೆದರೆ ಭದ್ರಾವತಿ ಸುಮಾರು 150 ಕಿಲೋಮೀಟರ್, ಕಲ್ಲಿಕೋಟೆ ಸುಮಾರು 190. ದೂರದಲ್ಲಿ ಭದ್ರಾವತಿಯೇ ಹತ್ತಿರ. ಆದರೆ ಅದರ ಪ್ರೇಷಕದ ಶಕ್ತಿ 20 ಕಿಲೋವ್ಯಾಟ್, ಕಲ್ಲಿಕೋಟೆಯದು 100. ಭದ್ರಾವತಿಯ ಅಲೆ ಪಶ್ಚಿಮಘಟ್ಟ ಹತ್ತಿ ಇಳಿದು ಬರಬೇಕು. ಕಲ್ಲಿಕೋಟೆಯದು ಕಡಲ ಅಂಚು ಹಿಡಿದು ಬರುತ್ತದೆ, ಮತ್ತು ಮಧ್ಯಮ ತರಂಗ ಒಣನೆಲಕ್ಕಿಂತ ಉಪ್ಪುನೀರಿನ ಮೇಲೆ ಬಹಳ ಸುಲಭವಾಗಿ ಸಾಗುತ್ತದೆ. ಹೀಗೆ ಹತ್ತಿರದ ಮೆಲುದನಿಯ ಪಕ್ಕದಲ್ಲೇ ದೂರದ ಗಟ್ಟಿದನಿ ಕುಳಿತಿದೆ. ಇವೆರಡನ್ನು ಬೇರ್ಪಡಿಸುವ ಕೆಲಸ ರೇಡಿಯೋ ಸೆಟ್ಟಿನೊಳಗಿನ ಚಾನೆಲ್ ಫಿಲ್ಟರಿನದು. ಆ ಫಿಲ್ಟರ್ ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆ ರೇಡಿಯೋದಷ್ಟೇ ಹಳೆಯದು. ಉತ್ತರ ಹೇಳುವವರು ಮಾತ್ರ ಕಾಲಕಾಲಕ್ಕೆ ಬದಲಾಗಿದ್ದಾರೆ: ಮೊದಲು ಕಾರ್ಖಾನೆಯ ಎಂಜಿನಿಯರು, ಆಮೇಲೆ ಪೇಟೆಯ ರಿಪೇರಿಯವನು, ಈಗ ಚಿಪ್ಪಿನೊಳಗಿನ ಒಂದು ಅಂಕೆ. ಕೇಳುಗನ ಕೈಗೆ ಈ ಹಕ್ಕು ಬಂದದ್ದು ಅಪರೂಪ ಎಂಬುದೇ ಈ ಲೇಖನದ ವಾದ.

ಎಷ್ಟು ಅಗಲ ಬೇಕು?

ಮಧ್ಯಮ ತರಂಗದ ಪ್ರಸಾರದಲ್ಲಿ ವಾಹಕ ತರಂಗದ ಎರಡೂ ಬದಿಗೆ ದನಿಯ ನೆರಳಿನಂತೆ ಪಕ್ಕಪಟ್ಟಿಗಳು ಹರಡಿಕೊಳ್ಳುತ್ತವೆ. 5 ಕಿಲೋಹರ್ಟ್ಸಿನವರೆಗಿನ ದನಿ ಕಳಿಸಿದರೆ ಭದ್ರಾವತಿ 670ರಿಂದ 680ರವರೆಗೆ ಆಕ್ರಮಿಸುತ್ತದೆ, ಕಲ್ಲಿಕೋಟೆ 679ರಿಂದ 689ರವರೆಗೆ. 679ಕ್ಕೂ 680ಕ್ಕೂ ನಡುವಿನ ಕಿಲೋಹರ್ಟ್ಸ್ ಇಬ್ಬರ ಹಿಡಿತದಲ್ಲೂ ಇದೆ. ಇದು ಪ್ರಸಾರಕರ ತಪ್ಪಲ್ಲ. 1975ರಲ್ಲಿ ಜಿನೀವಾದಲ್ಲಿ ಒಪ್ಪಿದ ಯೋಜನೆ 1978ರ ನವೆಂಬರ್ 23ರಂದು ಜಾರಿಗೆ ಬಂದಾಗ ಯುರೋಪು, ಆಫ್ರಿಕ, ಏಷ್ಯಾಗಳ ಮಧ್ಯಮ ತರಂಗ 9 ಕಿಲೋಹರ್ಟ್ಸಿನ ಅಂಕಣಗಳಾಗಿ ಮರುಹಂಚಿಕೆಯಾಯಿತು. ಅಮೆರಿಕ ಖಂಡಗಳು 10ರಲ್ಲೇ ಉಳಿದವು. ಅಂದಿನಿಂದ ನಮ್ಮ ನಿಲಯಗಳ ಅಂಕೆಗಳೆಲ್ಲ 9ರ ಮಗ್ಗಿಯಲ್ಲಿವೆ: ಬೆಂಗಳೂರು 612, ತ್ರಿಶೂರು 630, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಯಾವುದನ್ನು ಬೇಕಾದರೂ 9ರಿಂದ ಭಾಗಿಸಿ ನೋಡಬಹುದು, ಶೇಷ ಉಳಿಯುವುದಿಲ್ಲ.

ಪಕ್ಕದ ನಿಲಯ ಒಳನುಗ್ಗಿದಾಗ ಅದು ತನ್ನ ಮಾತಿನ ರೂಪದಲ್ಲೇ ಕೇಳಿಸುವುದಿಲ್ಲ, ತಲೆಕೆಳಗಾಗಿ ಕೇಳಿಸುತ್ತದೆ. 675ಕ್ಕೆ ಹೊಂದಿಸಿದ ಸೆಟ್ಟಿನಲ್ಲಿ ಕಲ್ಲಿಕೋಟೆಯ 5 ಕಿಲೋಹರ್ಟ್ಸ್ ದನಿ 4 ಆಗಿ, 4 ಕಿಲೋಹರ್ಟ್ಸ್ ದನಿ 5 ಆಗಿ ಬರುತ್ತದೆ. ಮಾತಿನ ತಿರುಳಾದ ತಗ್ಗಿನ ದನಿಗಳು ಮೇಲೇರಿ ಫಿಲ್ಟರಿನಾಚೆ ಉಳಿಯುತ್ತವೆ, ಸಕಾರ ಶಕಾರಗಳ ಸೀಳುಗಳು ಮಾತ್ರ ಒಳಗೆ ಬಂದು ಚಟಪಟಗುಟ್ಟುತ್ತವೆ. ಕನ್ನಡ ವಾರ್ತೆಯ ಹಿಂದೆ ಒಣ ತರಗೆಲೆಯ ಮೇಲೆ ಯಾರೋ ನಡೆದ ಹಾಗೆ ಕೇಳಿದರೆ ಅದು ಕಲ್ಲಿಕೋಟೆಯ ಸಕಾರ.

ಹಾಗಾದರೆ ಫಿಲ್ಟರನ್ನು ಕಿರಿದು ಮಾಡಿಬಿಟ್ಟರಾಯಿತಲ್ಲ? ಆಗ ನಮ್ಮ ಸಕಾರವೂ ಹೋಗುತ್ತದೆ. 'ಶ'ದ ಬಲ ಸುಮಾರು 2.5 ಕಿಲೋಹರ್ಟ್ಸಿನಿಂದ ಆರಂಭವಾದರೆ 'ಸ'ದ ಬಲವೆಲ್ಲ 4ಕ್ಕಿಂತ ಮೇಲಿದೆ. 2 ಕಿಲೋಹರ್ಟ್ಸಿನಲ್ಲಿ ದನಿ ಕತ್ತರಿಸಿದರೆ ಸ, ಶ, ಷ ಮೂರೂ ಒಂದೇ ಉಸಿರಾಗುತ್ತವೆ. ಮಾತು ಅರ್ಥವಾಗುತ್ತದೆ, ಏಕೆಂದರೆ ಕಿವಿಗಿಂತ ಹೆಚ್ಚಾಗಿ ನೆನಪು ಕೇಳುತ್ತಿರುತ್ತದೆ. ಟೆಲಿಫೋನಿನ ಪಟ್ಟಿಯೂ 300ರಿಂದ 3400 ಹರ್ಟ್ಸ್ ಅಷ್ಟೇ. ಆದರೆ ತಾಳಮದ್ದಳೆಗೆ ಅದು ಸಾಲದು. ಭಾಗವತರ ಪದ ಉಳಿಯಬಹುದು, ಚೆಂಡೆಯ ಪೆಟ್ಟಿನ ಮೊನೆ ಮುರಿಯುತ್ತದೆ. ಅಗಲ ಮಾಡಿದರೆ ಚೆಂಡೆಯೂ ಬರುತ್ತದೆ, ಕಲ್ಲಿಕೋಟೆಯೂ ಬರುತ್ತದೆ. ಈ ಕೊಡುಕೊಳ್ಳುವಿಕೆ ಯಾವ ತಂತ್ರಜ್ಞಾನದಲ್ಲೂ ತಪ್ಪಿಲ್ಲ.

ಸುರುಳಿ, ಮೇಣ, ಬಿದಿರಿನ ಕಡ್ಡಿ

ಸುರುಳಿ ಮತ್ತು ಕಂಡೆನ್ಸರುಗಳ ಸರಪಣಿಯಿಂದ ಬೇಕಾದ ಪಟ್ಟಿಯನ್ನಷ್ಟೇ ಹಾಯಿಸಬಹುದೆಂದು ಅಮೆರಿಕದ ಜಾರ್ಜ್ ಕ್ಯಾಂಪ್‌ಬೆಲ್ ಮತ್ತು ಜರ್ಮನಿಯ ಕಾರ್ಲ್ ವಾಗ್ನರ್ 1915ರ ಹೊತ್ತಿಗೆ ಬೇರೆ ಬೇರೆಯಾಗಿ ಕಂಡುಕೊಂಡರು. ಅವರ ಮುಂದಿದ್ದದ್ದು ಟೆಲಿಫೋನಿನ ತಂತಿ. ರೇಡಿಯೋಗೆ ಅದನ್ನು ಹೊಂದಿಸುವಲ್ಲಿ ಒಂದು ತೊಡಕಿತ್ತು. ಶ್ರುತಿಗೊಳ್ಳುವ ಸುರುಳಿಯ ಗುಣಾಂಕ (ಕಂಪನಾಂಕ ಪಟ್ಟಿಯ ಅಗಲದ ಎಷ್ಟು ಪಟ್ಟು ಎಂಬ ಲೆಕ್ಕ) 100 ಎಂದಿಟ್ಟುಕೊಂಡರೆ 600 ಕಿಲೋಹರ್ಟ್ಸಿನಲ್ಲಿ ಅದರ ಪಟ್ಟಿ 6 ಕಿಲೋಹರ್ಟ್ಸ್ ಅಗಲ, 1500ರಲ್ಲಿ 15. ಡಯಲ್ಲಿನ ಒಂದು ತುದಿಯಲ್ಲಿ ಉಸಿರು ಕಟ್ಟಿದ ದನಿ, ಇನ್ನೊಂದು ತುದಿಯಲ್ಲಿ ಸಂತೆ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಪ್ಯಾರಿಸ್ಸಿನಲ್ಲಿ ಅಮೆರಿಕದ ಸೇನೆಯ ಅಧಿಕಾರಿಯಾಗಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ಈ ತೊಡಕು ಬಿಡಿಸಿತು. ಯಾವ ನಿಲಯವೇ ಇರಲಿ, ಮೊದಲು ಅದನ್ನು ಒಂದೇ ಮಧ್ಯಂತರ ಕಂಪನಾಂಕಕ್ಕೆ ಇಳಿಸು, ಫಿಲ್ಟರ್ ಅಲ್ಲಿರಲಿ ಎಂಬುದು ಅದರ ಯುಕ್ತಿ. ಈ ಕೀರ್ತಿಗೆ ಫ್ರಾನ್ಸಿನ ಲೂಸಿಯೆನ್ ಲೆವಿಯೂ ಜರ್ಮನಿಯ ವಾಲ್ಟರ್ ಶಾಟ್ಕಿಯೂ ಪಾಲುದಾರರು. ನಮ್ಮ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳ ಕಾಲಕ್ಕೆ ಆ ಮಧ್ಯಂತರ ಕಂಪನಾಂಕ 455 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ನೆಲೆಗೊಂಡಿತ್ತು.

ಫಿಲ್ಟರ್ ಎಂದರೆ ಆಗ ಅಲ್ಯೂಮಿನಿಯಂ ಡಬ್ಬಿಯೊಳಗಿನ ಜೋಡಿ ಸುರುಳಿ. ರಿಪೇರಿಯವರ ಬಾಯಲ್ಲಿ ಅದು ಐ.ಎಫ್.ಟಿ., ಅಂದರೆ ಮಧ್ಯಂತರ ಕಂಪನಾಂಕದ (ಐ.ಎಫ್.) ಟ್ರಾನ್ಸ್‌ಫಾರ್ಮರ್. ಟ್ರಾನ್ಸಿಸ್ಟರ್ ಬಂದಮೇಲೆ ಡಬ್ಬಿ ಬೆರಳ ತುದಿಯಷ್ಟಾಯಿತು, ತಲೆಗೆ ಬಣ್ಣ ಬಂತು: ಕೆಂಪು ಆಸಿಲೇಟರಿಗೆ, ಹಳದಿ, ಬಿಳಿ, ಕಪ್ಪು ಮೂರು ಐ.ಎಫ್. ಹಂತಗಳಿಗೆ. ಒಳಗಿನ ಫೆರೈಟ್ ತಿರುಪನ್ನು ಕಾರ್ಖಾನೆಯಲ್ಲಿ ಹೊಂದಿಸಿ ಮೇಣ ಬಿಟ್ಟು ಮುಚ್ಚುತ್ತಿದ್ದರು. ಆ ಮೇಣವೇ ಫಿಲ್ಟರಿನ ಅಗಲದ ಮೇಲಿನ ಮೊಹರು. ಅದನ್ನು ಮುರಿಯುವ ಅಧಿಕಾರ ಪೇಟೆಯ ರೇಡಿಯೋ ರಿಪೇರಿಯವನಿಗೆ ಮಾತ್ರ. ಅವನು ಕಬ್ಬಿಣದ ಸ್ಕ್ರೂಡ್ರೈವರ್ ಹಾಕುವಂತಿಲ್ಲ, ಲೋಹ ತಾಗಿದರೆ ಶ್ರುತಿ ಸರಿಯುತ್ತದೆ. ಬಿದಿರಿನದೋ ಪ್ಲಾಸ್ಟಿಕ್ಕಿನದೋ ಕಡ್ಡಿಯನ್ನು ಚೂಪು ಮಾಡಿಕೊಳ್ಳಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೂರು ಡಬ್ಬಿಗಳನ್ನೂ ಒಂದೇ ಕಂಪನಾಂಕಕ್ಕೆ ಸೇರಿಸಿದರೆ ದನಿ ಅತಿ ಜೋರು, ಪಟ್ಟಿ ಅತಿ ಕಿರಿದು. ಒಂದನ್ನು ಸ್ವಲ್ಪ ಮೇಲಕ್ಕೆ, ಇನ್ನೊಂದನ್ನು ಸ್ವಲ್ಪ ಕೆಳಕ್ಕೆ ಬಿಟ್ಟರೆ ಪಟ್ಟಿ ಅಗಲ, ದನಿ ತುಸು ಕಡಿಮೆ. ಸಿಗ್ನಲ್ ಜನರೇಟರ್ ಇಲ್ಲದ ಅಂಗಡಿಯಲ್ಲಿ ರಿಪೇರಿಯವನು ಕಿವಿಯನ್ನೇ ಅಳತೆಗೋಲು ಮಾಡಿಕೊಂಡು ಅತಿ ಜೋರಾಗುವವರೆಗೆ ತಿರುಗಿಸುತ್ತಿದ್ದ. ಅಂಥ ಸೆಟ್ಟು ಮನೆಗೆ ಬಂದಾಗ ದೂರದ ನಿಲಯ ಚೆನ್ನಾಗಿ ಸಿಗುತ್ತದೆ, ಆದರೆ ದನಿ ಕಂಬಳಿಯೊಳಗಿಂದ ಬಂದಂತೆ. ಫಿಲ್ಟರಿನ ಅಗಲ ಎಂಬ ಹೆಸರು ಹೇಳದೆಯೇ ಕಾರ್ಖಾನೆಯ ಹೊರಗೆ ಅದನ್ನು ಹೊಂದಿಸಿದ ಮೊದಲಿಗರು ಇವರು. ಗಡಿನಾಡಿನಲ್ಲಿ ಇವರು ಮಾಡಿದ್ದು ಭಾಷೆಗಳನ್ನು ಬಿಡಿಸುವ ಕೆಲಸವೂ ಹೌದು.

ಆ ಕೆಲಸದ ಬೆಲೆ ತಿಳಿಯಬೇಕಾದರೆ 1956ರಿಂದ 1976ರವರೆಗಿನ ಇಪ್ಪತ್ತು ವರ್ಷ ನೆನೆಯಬೇಕು. ಧಾರವಾಡ ನಿಲಯ 1950ರ ಜನವರಿಯಲ್ಲಿ, ಬೆಂಗಳೂರು 1955ರ ನವೆಂಬರಿನಲ್ಲಿ, ಭದ್ರಾವತಿ 1965ರಲ್ಲಿ ಆರಂಭವಾದವು. ಕಲ್ಲಿಕೋಟೆ 1950ರ ಮೇ ತಿಂಗಳಿನಿಂದಲೇ ಇತ್ತು. ಮಂಗಳೂರು ಆಕಾಶವಾಣಿ ಬಂದದ್ದು 1976ರ ಡಿಸೆಂಬರಿನಲ್ಲಿ. ಅಂದರೆ ಭಾಷಾವಾರು ಪ್ರಾಂತಗಳ ಗಾಯ ಹಸಿಯಾಗಿದ್ದ ಕಾಲದಲ್ಲಿ ಕುಂಜತ್ತೂರಿನವರು ಕನ್ನಡ ಕೇಳಬೇಕಾದರೆ ಸುಮಾರು 300 ಕಿಲೋಮೀಟರ್ ದೂರದ ಧಾರವಾಡ, ಬೆಂಗಳೂರುಗಳನ್ನೋ ಘಟ್ಟದಾಚೆಯ ಭದ್ರಾವತಿಯನ್ನೋ ಹಿಡಿಯಬೇಕಿತ್ತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ ಕೇಳುವ ಕಾಲ ಅದು. ಮಂಗಳೂರು ನಿಲಯದ ಮಧ್ಯಮ ತರಂಗ ಪ್ರೇಷಕ ಬ್ರಹ್ಮಾವರದಲ್ಲಿ ನಿಂತಮೇಲೆ ಕಡಲ ದಂಡೆಯುದ್ದಕ್ಕೂ ಸುಮಾರು 75 ಕಿಲೋಮೀಟರ್ ದೂರದಿಂದ 20 ಕಿಲೋವ್ಯಾಟ್ ದನಿ ತಡೆಯಿಲ್ಲದೆ ಬಂತು. ಕುಂಜತ್ತೂರಿನ ಮಟ್ಟಿಗೆ ಫಿಲ್ಟರಿನ ಚಿಂತೆ ಆ ದಿನ ಅರ್ಧ ಕಡಿಮೆಯಾಯಿತು. ಕದ್ರಿ ಗುಡ್ಡದ 100.3 ಮೆಗಾಹರ್ಟ್ಸ್ ಎಫ್.ಎಂ. ಬಂದಮೇಲೆ ಉಳಿದರ್ಧವೂ ಹೋಯಿತೆನ್ನಬಹುದು. ಎಫ್.ಎಂ.ನಲ್ಲಿ ಒಂದು ನಿಲಯಕ್ಕೆ ಬೇಕಾದ ಅಗಲವೇ ಸುಮಾರು 180 ಕಿಲೋಹರ್ಟ್ಸ್, ಮಧ್ಯಮ ತರಂಗದ ಇಪ್ಪತ್ತು ನಿಲಯಗಳಷ್ಟು.

ಹರಳು, ಪಿಂಗಾಣಿ, ಅಕ್ಷರಗಳ ಸಂಕೇತ

ಸುರುಳಿಯ ಇಳಿಜಾರು ಮಂದವಾದದ್ದು. ಕಡಿದಾದ ಗೋಡೆ ಬೇಕೆಂದವರು ಹವ್ಯಾಸಿಗಳು ಮತ್ತು ಸೈನ್ಯದವರು. 1932ರಲ್ಲಿ ಅಮೆರಿಕದ ಜೇಮ್ಸ್ ಲ್ಯಾಂಬ್ ಕ್ವಾರ್ಟ್ಜ್ ಹರಳನ್ನೇ ಫಿಲ್ಟರಾಗಿಸಿದ ಸೆಟ್ಟನ್ನು ಹವ್ಯಾಸಿಗಳ ಮುಂದಿಟ್ಟರು. 1950ರ ದಶಕದಲ್ಲಿ ಕಾಲಿನ್ಸ್ ಕಂಪನಿಯ ಯಾಂತ್ರಿಕ ಫಿಲ್ಟರು ಬಂತು. ವಿದ್ಯುತ್ ಸಂಕೇತವನ್ನು ಲೋಹದ ಬಿಲ್ಲೆಗಳ ನಿಜವಾದ ನಡುಕವಾಗಿಸಿ ಮತ್ತೆ ವಿದ್ಯುತ್ತಾಗಿಸುವ ಸಾಧನ ಅದು. ಘಟದ ಕಂಠವನ್ನು ಹೊಟ್ಟೆಗೆ ಒತ್ತಿ ತೆಗೆದು ದನಿ ಬದಲಿಸುವ ಕಲಾವಿದರನ್ನು ಕಂಡವರಿಗೆ ಈ ಯುಕ್ತಿ ವಿಚಿತ್ರವೆನಿಸದು. ಅದೇ ಕಂಪನಿಯ ಆರ್-390ಎ ಎಂಬ ಸೇನೆಯ ಗ್ರಾಹಕಯಂತ್ರದ ಮುಖದ ಮೇಲೆ 0.1, 1, 2, 4, 8, 16 ಕಿಲೋಹರ್ಟ್ಸ್ ಎಂದು ಆರು ಅಗಲಗಳ ಗುಂಡಿಯೇ ಇತ್ತು. ಕೇಳುಗನಿಗೆ ಪೂರ್ಣ ಅಧಿಕಾರ. ಆದರೆ ಆ ಕೇಳುಗ ಸೈನಿಕ, ಯಂತ್ರವೂ ಬಲು ಭಾರ.

ಸಾಮಾನ್ಯನ ಟ್ರಾನ್ಸಿಸ್ಟರಿಗೆ ಬಂದದ್ದು ಜಪಾನಿನ ಮುರಾಟಾ ಮೊದಲಾದವರ ಪಿಂಗಾಣಿ ಫಿಲ್ಟರ್. ಅಲ್ಲಿ ತಿರುಪಿಲ್ಲ, ಮೇಣವಿಲ್ಲ, ಅಗಲ ಹುಟ್ಟಿನಲ್ಲೇ ನಿಗದಿ. ಸಿಎಫ್‌ಯು455 ಎಂಬ ಸಾಲಿನ ಕೊನೆಯ ಅಕ್ಷರವೇ ಅಗಲದ ಸಂಕೇತ: 'ಇ' ಆದರೆ ಎರಡೂ ಬದಿಗೆ 7.5 ಕಿಲೋಹರ್ಟ್ಸ್, 'ಎಫ್' 6, 'ಜಿ' 4.5, 'ಎಚ್' 3, 'ಐ' 2. ಇದರಿಂದ ರಿಪೇರಿಯವನ ಬಿದಿರುಕಡ್ಡಿಯ ಅಧಿಕಾರ ಹೋಯಿತು. ಬೆಸುಗೆ ಬಿಡಿಸಿ ಬೇರೆ ಅಕ್ಷರದ ತುಂಡು ಹಾಕಬಲ್ಲವನಿಗೆ ಮಾತ್ರ ಅಗಲ ಬದಲಿಸುವ ಭಾಗ್ಯ.

ಹವ್ಯಾಸಿಗಳು ಈ ಬೇಲಿಯ ಹೊರಗಿನ ದಾರಿ ಹುಡುಕಿದರು. ಹೈದರಾಬಾದಿನ ಅಷ್ಹರ್ ಫರ್ಹಾನ್ 2000ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿ ಹಂಚಿದ ಬಿಟ್‌ಎಕ್ಸ್ ಎಂಬ ಪುಟ್ಟ ಸೆಟ್ಟು ಅದಕ್ಕೆ ಒಳ್ಳೆಯ ನಿದರ್ಶನ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ 10 ಮೆಗಾಹರ್ಟ್ಸ್ ಹರಳುಗಳನ್ನು ಏಣಿಯಂತೆ ಜೋಡಿಸಿ, ನಡುವಿನ ಕಂಡೆನ್ಸರುಗಳ ಬೆಲೆಯಿಂದ ಅಗಲ ನಿರ್ಧರಿಸುವ ವಿಧಾನ ಅದು. ಹೊರದೇಶದ ದುಬಾರಿ ಫಿಲ್ಟರ್ ಇಲ್ಲದೆಯೇ ಏಕಪಕ್ಕಪಟ್ಟಿಯ (ಒಂದೇ ಬದಿಯ ಪಕ್ಕಪಟ್ಟಿಯನ್ನಷ್ಟೇ ಕಳಿಸುವ) ಸಂಪರ್ಕ ಸಾಧ್ಯವೆಂದು ಅದು ಲೋಕಕ್ಕೇ ತೋರಿಸಿತು. ನನ್ನ ಮಟ್ಟಿಗೆ ಭಾರತದ ಫಿಲ್ಟರ್ ಚರಿತ್ರೆಯ ಅತಿ ಮುಖ್ಯ ಘಟ್ಟ ಇದು.

ಅಂಕೆಗಳ ಸೋಸುವಿಕೆ

ಡಿಜಿಟಲ್ ಫಿಲ್ಟರಿನಲ್ಲಿ ಸುರುಳಿಯೂ ಇಲ್ಲ, ಹರಳೂ ಇಲ್ಲ. ಸಂಕೇತವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕೆಗಳ ಸಾಲಾಗಿಸುತ್ತಾರೆ. ಹಿಂದಿನ ಇಷ್ಟು ಅಂಕೆಗಳನ್ನು ಒಂದೊಂದು ತೂಕದಿಂದ ಗುಣಿಸಿ ಕೂಡುತ್ತಾ ಹೋಗುವುದೇ ಸೋಸುವಿಕೆ. ತೂಕಗಳ ಪಟ್ಟಿ ಬದಲಿಸಿದರೆ ಫಿಲ್ಟರ್ ಬದಲು. 1972ರಲ್ಲಿ ಪಾರ್ಕ್ಸ್ ಮತ್ತು ಮೆಕ್‌ಕ್ಲೆಲನ್ ಆ ತೂಕಗಳನ್ನು ಕಂಪ್ಯೂಟರಿನಿಂದ ಕಂಡುಹಿಡಿಯುವ ಸಮರ್ಥ ವಿಧಾನ ಕೊಟ್ಟರು. 1981ರಲ್ಲಿ ಹೋಗನಾವರ್ ಗುಣಾಕಾರವೇ ಇಲ್ಲದೆ, ಬರೀ ಕೂಡುವ ಕಳೆಯುವ ಲೆಕ್ಕದಲ್ಲಿ ಅಂಕೆಗಳ ಮಹಾಪೂರವನ್ನು ತಗ್ಗಿಸುವ ದಾರಿ ತೋರಿಸಿದರು. ಇವೆರಡೂ ಸೇರಿ ರೇಡಿಯೋ ಒಂದು ಚಿಪ್ಪಿನೊಳಗೆ ಇಳಿಯಲು ಸಾಧ್ಯವಾಯಿತು.

ಇಲ್ಲೂ ಪುಕ್ಕಟೆ ಊಟವಿಲ್ಲ. ಗೋಡೆ ಕಡಿದಾದಷ್ಟೂ ತೂಕಗಳ ಸಂಖ್ಯೆ ಹೆಚ್ಚಬೇಕು. ಎಂಜಿನಿಯರುಗಳ ಕೈಲೆಕ್ಕ ಹೀಗೆ: ಎಷ್ಟು ಡೆಸಿಬೆಲ್ ತಡೆಯಬೇಕೋ ಅದನ್ನು 22ರಿಂದ ಭಾಗಿಸಿ, ಅಳತೆಯ ವೇಗ ಗೋಡೆಯ ದಪ್ಪದ ಎಷ್ಟು ಪಟ್ಟೋ ಅದರಿಂದ ಗುಣಿಸು. ಸೆಕೆಂಡಿಗೆ 48,000 ಅಳತೆ, 60 ಡೆಸಿಬೆಲ್ ತಡೆ, 1 ಕಿಲೋಹರ್ಟ್ಸ್ ದಪ್ಪದ ಗೋಡೆ ಎಂದರೆ ಸುಮಾರು 131 ತೂಕಗಳು. ಗೋಡೆಯನ್ನು ಅರ್ಧ ಕಿಲೋಹರ್ಟ್ಸಿಗೆ ತೆಳುಗೊಳಿಸಿದರೆ 262. ಹಳೆಯ ಐ.ಎಫ್.ಟಿ.ಯಿಂದ ಇಷ್ಟು ನೆಟ್ಟಗಿನ ಗೋಡೆ ಕನಸಿನಲ್ಲೂ ಸಾಧ್ಯವಿರಲಿಲ್ಲ.

2000ರ ದಶಕದ ಕೊನೆಗೆ ಅಮೆರಿಕದ ಸಿಲಿಕಾನ್ ಲ್ಯಾಬ್ಸ್ ಕಂಪನಿಯ ಎಸ್‌ಐ4734, 4735 ಎಂಬ ಚಿಪ್ಪುಗಳು ಪೇಟೆಗೆ ಬಂದವು. ಟೆಕ್ಸನ್ ಪಿಎಲ್-310, 380ರಂಥ ಚೀನಾ ಸೆಟ್ಟುಗಳ ಹೃದಯ ಈ ಕುಟುಂಬದ್ದು. ಇವುಗಳಲ್ಲಿ ಫಿಲ್ಟರಿನ ಅಗಲ ಎಂಬುದು ಒಂದು ಖಾನೆಗೆ ಬರೆಯುವ ಅಂಕೆ. ನಿಯಂತ್ರಕವು ಚಿಪ್ಪಿಗೆ ಒಂದು ಆಜ್ಞೆ ಕಳಿಸುತ್ತದೆ: ಗುಣವನ್ನು ಹೊಂದಿಸು, ಹದಿನಾರರ ಎಣಿಕೆಯ 3102ನೆಯ ಖಾನೆ, ಮೌಲ್ಯ ಇಂತಿಷ್ಟು. ಮೌಲ್ಯ 0 ಆದರೆ 6 ಕಿಲೋಹರ್ಟ್ಸ್, 1 ಆದರೆ 4, 2 ಆದರೆ 3, 3 ಆದರೆ 2, 4 ಆದರೆ 1. ಇಲ್ಲಿಯವರೆಗೆ ಮೆಟ್ಟಿಲಿಳಿದಂತೆ ಕ್ರಮವಾಗಿದೆ. ಆಮೇಲೆ 5 ಆದರೆ 1.8, 6 ಆದರೆ 2.5. ಕ್ರಮ ತಪ್ಪಿತು. ಓಲೆಗರಿಯ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಸೇರಿಸಿದ ಪದ್ಯ ಕಂಡಾಗ ಗ್ರಂಥಸಂಪಾದಕರು ಏನು ಊಹಿಸುತ್ತಾರೋ ಇಲ್ಲೂ ಅದನ್ನೇ ಊಹಿಸಬೇಕು: ಕೊನೆಯ ಎರಡು ಅಗಲಗಳು ತಡವಾಗಿ ಸೇರಿದವು. 2 ಕಿರಿದಾಯಿತು, 3 ಅಗಲವಾಯಿತು, ನಡುವಿನದೊಂದು ಬೇಕು ಎಂದು ಯಾರೋ ಕೇಳಿರಬೇಕು. ಎಫ್.ಎಂ.ಗೆ ಬೇರೆಯೇ ಖಾನೆ. ಅಲ್ಲಿನ ಅಗಲಗಳು 110, 84, 60, 40 ಕಿಲೋಹರ್ಟ್ಸ್.

ಯಾರೂ ಏನನ್ನೂ ಬರೆಯದಿದ್ದರೆ ಮಧ್ಯಮ ತರಂಗಕ್ಕೆ ಆ ಖಾನೆಯಲ್ಲಿರುವ ಮೂಲ ಮೌಲ್ಯ 3, ಅಂದರೆ 2 ಕಿಲೋಹರ್ಟ್ಸ್. ಇದು ಜಿಪುಣನ ಆಯ್ಕೆ ಎಂದು ನನ್ನ ಅಭಿಪ್ರಾಯ. ಎಲ್ಲ ಊರಿನಲ್ಲೂ ಎಲ್ಲ ಹೊತ್ತಿನಲ್ಲೂ ಗಲಾಟೆಯಿಲ್ಲದೆ ಕೇಳಬೇಕು ಎಂದುಕೊಂಡವರು ಚೆಂಡೆಯನ್ನೂ ಸಕಾರವನ್ನೂ ಒಟ್ಟಿಗೆ ಬಲಿಕೊಟ್ಟರು. ಹಗಲಿನಲ್ಲಿ ಬ್ರಹ್ಮಾವರದ 1089 ಕುಂಜತ್ತೂರಿನಲ್ಲಿ ಗಟ್ಟಿಯಾಗಿ ಬರುವಾಗ 4 ಅಥವಾ 6 ಕಿಲೋಹರ್ಟ್ಸ್ ಇಡದವನು ಬಾವಿ ತುಂಬ ನೀರಿದ್ದೂ ತಂಬಿಗೆಯಲ್ಲಿ ಮೊಗೆದವನು. ಸೂರ್ಯ ಮುಳುಗಿ, ಹಗಲಲ್ಲಿ ದೂರದ ಅಲೆಗಳನ್ನು ಹೀರುವ ಅಯಾನುಗೋಳದ ಡಿ ಪದರ ಕರಗಿದಮೇಲೆ ಲೆಕ್ಕ ಬೇರೆ. ಅರಬ್ಬಿ ಕಡಲಿನಾಚೆಯ ಕೊಲ್ಲಿಯ ನಿಲಯಗಳು ಬರುತ್ತವೆ, 1071ರಿಂದ ರಾಜಕೋಟೆಯ 1000 ಕಿಲೋವ್ಯಾಟ್ ಪ್ರೇಷಕ ಕಡಲ ಮೇಲಿಂದಲೇ ಬಂದು ಬಾಗಿಲು ತಟ್ಟುತ್ತದೆ. ಆಗ 2.5ಕ್ಕೋ 2ಕ್ಕೋ ಇಳಿಯಲೇಬೇಕು.

ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದೇ ಸಮನೆ ಸುಯ್ಯೆನ್ನುವ ಗದ್ದಲವು ಫಿಲ್ಟರನ್ನು ಅರ್ಧ ಮಾಡಿದರೆ ಅರ್ಧವಾಗುತ್ತದೆ, ಅಂದರೆ 3 ಡೆಸಿಬೆಲ್ ಲಾಭ. ಸಿಡಿಲಿನ ಚಟಪಟ ಹಾಗಲ್ಲ. ಅದು ಕ್ಷಣಮಾತ್ರದ ಪೆಟ್ಟು, ಕಿರಿದಾದ ಫಿಲ್ಟರಿಗೆ ಬಿದ್ದರೆ ಗಂಟೆಗೆ ಹೊಡೆದಂತೆ ಅನುರಣಿಸುತ್ತದೆ. ಘಟ್ಟದ ಮೇಲೆ ಮಿಂಚು ಹರಿಯುವ ಮೇ ತಿಂಗಳ ಸಂಜೆ ಫಿಲ್ಟರ್ ಕಿರಿದು ಮಾಡಿದವನಿಗೆ ಚಟ್ ಎಂಬುದು ಢಣ್ ಎಂದು ಕೇಳುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರುಗಳ ಗುಂಯ್‌ಗುಡುವಿಕೆಗೆ ಈ ಚಿಪ್ಪಿನ ನಂತರದ ರೂಪಗಳಲ್ಲಿ ಅದೇ 3102ನೆಯ ಖಾನೆಯೊಳಗೆ ವಿದ್ಯುತ್ ತಂತಿಯ ಗದ್ದಲ ತಡೆಯುವ ಪ್ರತ್ಯೇಕ ಗುಂಡಿಯನ್ನಿಟ್ಟಿದ್ದಾರೆ.

ದೂರು ಹೇಳಬೇಕಾದದ್ದು ಚಿಪ್ಪಿನ ಮೇಲಲ್ಲ, ಡಬ್ಬಿಯ ಮೇಲೆ. ಖಾನೆಯಲ್ಲಿ ಏಳು ಅಗಲಗಳಿದ್ದರೂ ಅಗ್ಗದ ಸೆಟ್ಟುಗಳಲ್ಲಿ ಅದನ್ನು ಮುಟ್ಟುವ ಗುಂಡಿಯೇ ಇರುವುದಿಲ್ಲ. ಮುಳ್ಳು ತಿರುಗುವ ಹಳೆಯ ವೇಷ ತೊಟ್ಟ ಸೆಟ್ಟುಗಳೂ ಈಗ ಒಳಗೆ ಡಿಜಿಟಲ್ಲೇ. ಕಿರೀಟ, ಗಡ್ಡ ಎಲ್ಲ ಹಳೆಯ ಬಣ್ಣದ ವೇಷದ್ದು, ಒಳಗಿನ ಹುಡುಗ ಹೊಸಬ. ಆ ವೇಷದೊಳಗೆ ಅಗಲ ಯಾವುದೆಂದು ಪೆಟ್ಟಿಗೆಯ ಮೇಲೂ ಬರೆಯುವುದಿಲ್ಲ. ಬರೆದವರೂ ಆ ಸಂಖ್ಯೆ ಎರಡೂ ಪಕ್ಕಪಟ್ಟಿ ಸೇರಿದ್ದೋ ಒಂದರದ್ದೋ ಹೇಳುವುದಿಲ್ಲ. ಮೇಣದ ಮೊಹರಿಗಾದರೂ ಬಿದಿರುಕಡ್ಡಿಯಿತ್ತು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಡಿಜಿಟಲ್ ರೇಡಿಯೋ ಮೊಂಡಿಯಾಲ್, ಬೆಂಗಳೂರಿನ ಮಧ್ಯಮ ತರಂಗ ಸೇರಿ ಆಕಾಶವಾಣಿ ಹಲವೆಡೆ ಅಳವಡಿಸಿದ ವ್ಯವಸ್ಥೆ. ಅಲ್ಲಿ ಅಗಲ 4.5, 5, 9, 10, 18, 20 ಕಿಲೋಹರ್ಟ್ಸ್‌ಗಳಲ್ಲಿ ಒಂದು. ಯಾವುದೆಂದು ಪ್ರಸಾರಕರೇ ಹೇಳುತ್ತಾರೆ. 400 ಮಿಲಿಸೆಕೆಂಡಿಗೊಮ್ಮೆ ಹೊರಡುವ 72 ಬಿಟ್ಟುಗಳ ಚಿಕ್ಕ ಒಕ್ಕಣೆಯಲ್ಲಿ ಕೆಲವು ಬಿಟ್ಟುಗಳು ಈ ಅಗಲಕ್ಕೇ ಮೀಸಲು. ಅತಿ ಕಿರಿದಾದ ಕಿಂಡಿಯಿಂದಲೂ ಓದಲು ಸಿಗುವಂತೆ ಆ ಒಕ್ಕಣೆಯನ್ನು ವಾಹಕದ ಪಕ್ಕದಲ್ಲೇ ಇಟ್ಟಿದ್ದಾರೆ. ಸೆಟ್ಟು ಮೊದಲು ಕಿಂಡಿಯಿಂದ ಇಣುಕಿ, ಒಕ್ಕಣೆ ಓದಿ, ಆಮೇಲೆ ಬಾಗಿಲನ್ನು ಬೇಕಾದಷ್ಟೇ ತೆರೆಯುತ್ತದೆ. ಜಾಣತನದ ಏರ್ಪಾಡು, ಸಂದೇಹವಿಲ್ಲ. ಆದರೆ ಕೇಳುಗ ಇಲ್ಲಿ ಪೂರ್ತಿ ಹೊರಗೆ. ಹಳೆಯ ಸೆಟ್ಟಿನವನಿಗಂತೂ ಆ ಡಿಜಿಟಲ್ ಪಟ್ಟಿ ಬರೀ ಸುಯ್ಯೆನ್ನುವ ಸದ್ದು.

ಮತ್ತೆ 675ಕ್ಕೆ ಬರೋಣ. ಕುಂಜತ್ತೂರು, ಕಣ್ವತೀರ್ಥ, ಮಂಜೇಶ್ವರದ ಕಡೆ ಭದ್ರಾವತಿಯ ಮಧ್ಯಮ ತರಂಗ ಕೇಳುವ ಹಂಬಲವುಳ್ಳವರಿಗೆ ಈ ಚರಿತ್ರೆಯಿಂದ ಸಿಗುವ ಉಪಾಯ ಎರಡು. ಸೆಟ್ಟು ಕೊಳ್ಳುವಾಗ 9ರ ಹೆಜ್ಜೆ ಮಾತ್ರವಲ್ಲದೆ 1 ಕಿಲೋಹರ್ಟ್ಸ್ ಹೆಜ್ಜೆಯೂ ಇದೆಯೇ, ಅಗಲ ಬದಲಿಸುವ ಗುಂಡಿ ಇದೆಯೇ ನೋಡಿ. ಫಿಲ್ಟರನ್ನು ಕಿರಿದು ಮಾಡಿ, 675ರಲ್ಲಿ ನಿಲ್ಲದೆ 674ಕ್ಕೋ 673ಕ್ಕೋ ಇಳಿಯಿರಿ. ಎರಡೂ ಬದಿಗೆ 3 ಕಿಲೋಹರ್ಟ್ಸಿನ ಕಿಂಡಿ 673ರಲ್ಲಿ ನಿಂತರೆ 670ರಿಂದ 676ರವರೆಗೆ ಹಾಯುತ್ತದೆ. ಭದ್ರಾವತಿಯ ವಾಹಕವೂ ಕೆಳಗಿನ ಪಕ್ಕಪಟ್ಟಿಯ ಪೂರ್ತಿ 5 ಕಿಲೋಹರ್ಟ್ಸ್ ದನಿಯೂ ಒಳಗೆ, ಕಲ್ಲಿಕೋಟೆ ಹೊರಗೆ. ದನಿ ತುಸು ಕರಕರ ಎನ್ನಬಹುದು, ಸಕಾರ ಮಾತ್ರ ಉಳಿಯುತ್ತದೆ. ಮುಳ್ಳಿನ ಸೆಟ್ಟಿನ ಕಾಲದ ಹಿರಿಯರು ಬೆರಳ ತುದಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ.

ಎರಡನೆಯ ಉಪಾಯಕ್ಕೆ ಗುಂಡಿಯೂ ಬೇಡ. ಸೆಟ್ಟಿನೊಳಗೆ ಅಡ್ಡಲಾಗಿ ಮಲಗಿರುವ ಫೆರೈಟ್ ಕಡ್ಡಿಯ ತುದಿ ಯಾವ ದಿಕ್ಕಿಗಿರುತ್ತದೋ ಆ ದಿಕ್ಕಿನ ನಿಲಯ ಅದಕ್ಕೆ ಕೇಳಿಸುವುದಿಲ್ಲ. ಕುಂಜತ್ತೂರಿನಿಂದ ಕಲ್ಲಿಕೋಟೆ ಆಗ್ನೇಯಕ್ಕಿಂತ ತುಸು ದಕ್ಷಿಣಕ್ಕೆ, ಭದ್ರಾವತಿ ಈಶಾನ್ಯಕ್ಕೆ. ಕಡ್ಡಿಯ ತುದಿಯನ್ನು ಕಲ್ಲಿಕೋಟೆಯತ್ತ ತಿರುಗಿಸಿದರೆ ಭದ್ರಾವತಿ ಕಡ್ಡಿಯ ಮಗ್ಗುಲಿಗೆ ಬರುತ್ತದೆ, ಅದರ ದನಿಯ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ. ಇದು ಕುಂಜತ್ತೂರಿನ ಭೂಗೋಳ ಕೊಟ್ಟ ಫಿಲ್ಟರ್. ಸಂಜೆ ಆರಕ್ಕೆ ಮುಂಚೆ ಜಗಲಿಯಲ್ಲಿ ಸೆಟ್ಟನ್ನು ಒಮ್ಮೆ ಸುತ್ತಲೂ ತಿರುಗಿಸಿ ನೋಡಿ.